‘ಮೊರಿಟುರಿ’ಯ ಸರಕು ಹಡಗು: ಸಿನಿಮಾದಲ್ಲಿ ಕಂಡದ್ದು ಸಮುದ್ರದಲ್ಲಿ ನಡೆದಿತ್ತೇ?

ಪ್ರಶ್ನೆ: ಮರ್ಲಾನ್ ಬ್ರಾಂಡೊ ನಟಿಸಿರುವ ‘ಮೊರಿಟುರಿ’ (1965) ಸಿನಿಮಾ ನೋಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನಿಂದ ಫ್ರಾನ್ಸಿಗೆ ರಬ್ಬರ್ ಹೊತ್ತು ಹೊರಟ ಜರ್ಮನ್ ಸರಕು ಹಡಗಿಗೆ ಬ್ರಿಟಿಷರು ಒಬ್ಬ ಗೂಢಚಾರನನ್ನು ಹತ್ತಿಸುತ್ತಾರೆ. ಶತ್ರುವಿನ ಕೈಗೆ ಸಿಕ್ಕರೆ ಹಡಗನ್ನು ಮುಳುಗಿಸಲೆಂದು ಜರ್ಮನ್ನರೇ ಒಳಗೆ ಇಟ್ಟುಕೊಂಡಿದ್ದ ಸಿಡಿಮದ್ದನ್ನು ಅವನು ಕೆಲಸಕ್ಕೆ ಬಾರದಂತೆ ಮಾಡಬೇಕು. ಇಂಥ ಹಡಗುಗಳು ನಿಜಕ್ಕೂ ಇದ್ದವೇ? ತಮ್ಮ ಹಡಗಿನಲ್ಲೇ ಸಿಡಿಮದ್ದು ಇಟ್ಟುಕೊಂಡು ಯಾರಾದರೂ ಸಮುದ್ರಕ್ಕೆ ಇಳಿಯುತ್ತಾರೆಯೇ? ಒಬ್ಬನೇ ಮನುಷ್ಯ ಅದನ್ನೆಲ್ಲ ತಡೆಯಲು ಸಾಧ್ಯವೇ? ನಾವು ಕಾರವಾರದ ಕಡೆಯವರು. ಯುದ್ಧದ ಕಾಲದಲ್ಲಿ ಗೋವಾದ ಮುರ್ಗಾಂವ್ ಬಂದರಿನಲ್ಲಿ ಜರ್ಮನ್ ಹಡಗುಗಳು ಹೊತ್ತಿ ಉರಿದ ಸುದ್ದಿಯನ್ನು ನಮ್ಮಜ್ಜ ಹೇಳುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಹಡಗುಗಳು ಇದ್ದವು, ಸಿಡಿಮದ್ದೂ ಇತ್ತು. ಗೂಢಚಾರ ಮಾತ್ರ ಕಾದಂಬರಿಯವನು. ವರ್ನರ್ ಯೋರ್ಗ್ ಲ್ಯೂಡೆಕೆ ಎಂಬ ಜರ್ಮನ್ ಲೇಖಕರ ಕಾದಂಬರಿಯೇ ಸಿನಿಮಾಕ್ಕೆ ಆಧಾರ. ಮುರ್ಗಾಂವ್ ಘಟನೆಗೂ ಇದಕ್ಕೂ ಇರುವ ಸಂಬಂಧ ನೀವು ಊಹಿಸಿದ್ದಕ್ಕಿಂತ ಹತ್ತಿರದ್ದು. ಒಬ್ಬನೇ ಮನುಷ್ಯ ತಡೆಯಬಲ್ಲನೇ ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಿದೆ. ಹಡಗಿನ ಇಂಜಿನ್ ರೂಮಿನಲ್ಲಿ ನೌಕರಿ ಮಾಡಿದವನಾದ್ದರಿಂದ ಆ ಭಾಗವನ್ನು ಬಿಡಿಸಿಯೇ ಹೇಳುತ್ತೇನೆ.

ಮೊದಲು ರಬ್ಬರಿನ ವಿಷಯ. ಸಿನಿಮಾದ ಹಡಗು ‘ಇಂಗೊ’ದಲ್ಲಿ 7,000 ಟನ್ ರಬ್ಬರ್ ಇದೆ. ಅಷ್ಟಕ್ಕಾಗಿ ಇಷ್ಟೆಲ್ಲ ಗುದ್ದಾಟವೇ ಎಂದು ಇವತ್ತಿನ ಪ್ರೇಕ್ಷಕರಿಗೆ ಅನಿಸುವುದು ಸಹಜ. ಜರ್ಮನಿಯಲ್ಲಿ ರಬ್ಬರ್ ಮರ ಬೆಳೆಯುವುದಿಲ್ಲ. ‘ಬೂನಾ’ ಎಂಬ ಕೃತಕ ರಬ್ಬರನ್ನು ಅವರು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರೂ ಭಾರಿ ಲಾರಿಗಳ, ವಿಮಾನಗಳ ಟೈರಿಗೆ ಅದರ ಜೊತೆ ಅಸಲಿ ರಬ್ಬರ್ ಬೆರೆಸಲೇಬೇಕಿತ್ತು. 1941ರ ಜೂನ್‌ವರೆಗೆ ಪೂರ್ವ ಏಷ್ಯಾದ ಸರಕು ಸೋವಿಯತ್ ರಷ್ಯಾದ ರೈಲುಮಾರ್ಗದಲ್ಲಿ ಜರ್ಮನಿ ಸೇರುತ್ತಿತ್ತು. ಆ ತಿಂಗಳು ಹಿಟ್ಲರ್ ರಷ್ಯಾದ ಮೇಲೆಯೇ ದಂಡೆತ್ತಿ ಹೋದ. ರೈಲಿನ ದಾರಿ ತಾನಾಗಿ ಮುಚ್ಚಿತು. 1942ರ ಆರಂಭದಲ್ಲಿ ಮಲಯ, ಡಚ್ ಈಸ್ಟ್ ಇಂಡೀಸ್‌ಗಳು ಜಪಾನಿನ ವಶವಾದಾಗ ಜಗತ್ತಿನ ಬಹುಪಾಲು ರಬ್ಬರ್ ತೋಟಗಳು ಜರ್ಮನಿಯ ಮಿತ್ರನ ಕೈಗೆ ಬಂದವು. ಆದರೆ ತೋಟಕ್ಕೂ ಕಾರ್ಖಾನೆಗೂ ನಡುವೆ ಅರ್ಧ ಭೂಮಂಡಲದಷ್ಟು ಸಮುದ್ರ, ಆ ಸಮುದ್ರದ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ನೌಕಾಪಡೆ.

ಹಾಗಾಗಿ ಜರ್ಮನ್ನರು ವೇಗದ ಸರಕು ಹಡಗುಗಳನ್ನು ಆರಿಸಿ, ಒಂಟೊಂಟಿಯಾಗಿ ಕಳುಹಿಸತೊಡಗಿದರು. ರಬ್ಬರ್ ಜೊತೆಗೆ ತವರ, ಟಂಗ್‌ಸ್ಟನ್, ಕ್ವಿನೈನ್, ಖಾದ್ಯ ಎಣ್ಣೆ ಬರುತ್ತಿದ್ದವು. ವಾಪಸ್ ಹೋಗುವಾಗ ಯಂತ್ರಗಳು, ರಾಸಾಯನಿಕಗಳು, ಜಪಾನ್ ಕೇಳಿದ ಆಯುಧಗಳ ಮಾದರಿಗಳು. ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಜಿರೋಂಡ್ ಅಳಿವೆಯಿಂದ ಒಳಗೆ ನದಿಯಲ್ಲಿರುವ ಬೋರ್ಡೋ ಬಂದರೇ ಇವುಗಳ ಮುಖ್ಯ ನಿಲ್ದಾಣ. ಬ್ರಿಟಿಷರಿಗೆ ಇವು ಎಷ್ಟು ಕಣ್ಣು ಚುಚ್ಚುತ್ತಿದ್ದವೆಂದರೆ, 1942ರ ಡಿಸೆಂಬರ್‌ನಲ್ಲಿ ಮೇಜರ್ ಹರ್ಬರ್ಟ್ ಹ್ಯಾಸ್ಲರ್ ನೇತೃತ್ವದಲ್ಲಿ 10 ಮಂದಿ ನೌಕಾ ಸೈನಿಕರು ಜಲಾಂತರ್ಗಾಮಿಯಿಂದ ಪುಟ್ಟ ದೋಣಿಗಳಲ್ಲಿ ಇಳಿದು, ರಾತ್ರಿ ಹೊತ್ತು ಹುಟ್ಟು ಹಾಕುತ್ತ ನದಿಯ ಮೇಲಕ್ಕೆ ಹೋದರು. ಕೊನೆಯವರೆಗೆ ಮುಟ್ಟಿದವರು ಬೋರ್ಡೋದಲ್ಲಿ ನಿಂತ ಹಡಗುಗಳ ಮೈಗೆ ಸಿಡಿಗುಂಡು ಅಂಟಿಸಿದರು. ಆ ಹತ್ತರಲ್ಲಿ ಜೀವಂತ ಮರಳಿದವರು ಹ್ಯಾಸ್ಲರ್ ಮತ್ತು ಅವರ ದೋಣಿಯ ಜೊತೆಗಾರ, ಇಬ್ಬರೇ.

ಸಿನಿಮಾದಲ್ಲಿ ಹಡಗಿನ ವೇಷ ಬದಲಿಸುವುದನ್ನು ನೀವು ಗಮನಿಸಿರಬಹುದು. ಅದು ಅಪ್ಪಟ ನಿಜ. ಬಣ್ಣ ಬದಲಿಸುವುದು, ಬೇರೆ ದೇಶದ ಬಾವುಟ ಏರಿಸುವುದು, ಯಾವುದೋ ತಟಸ್ಥ ದೇಶದ ಹಡಗಿನ ಹೆಸರನ್ನು ಮುಂಭಾಗದಲ್ಲಿ ಬರೆಸುವುದು, ಮರ ಮತ್ತು ಕ್ಯಾನ್ವಾಸಿನಲ್ಲಿ ಸುಳ್ಳು ಹೊಗೆಕೊಳವೆ ನಿಲ್ಲಿಸುವುದು, ಇವೆಲ್ಲ ದಿನನಿತ್ಯದ ಕೆಲಸವಾಗಿದ್ದವು. ಇದರ ಅಪಾಯವೂ ಅಷ್ಟೇ ದೊಡ್ಡದು, ಏಕೆಂದರೆ ಸ್ವಂತದವರಿಗೂ ಗುರುತು ಸಿಗುವುದಿಲ್ಲ. ‘ಡಾಗರ್‌ಬ್ಯಾಂಕ್’ ಮೂಲತಃ ಬ್ರಿಟಿಷರ ‘ಸ್ಪೇಬ್ಯಾಂಕ್’ ಎಂಬ ಹಡಗು. ಜರ್ಮನ್ನರು ಹಿಡಿದು ತಮ್ಮದಾಗಿಸಿಕೊಂಡಿದ್ದರು. 1943ರ ಮಾರ್ಚ್ 3ರಂದು ಅದು ಜಪಾನಿನಿಂದ ಮರಳುತ್ತ ಅಟ್ಲಾಂಟಿಕ್‌ನಲ್ಲಿತ್ತು. ನಿರೀಕ್ಷೆಗಿಂತ ಮೊದಲೇ ಬಂದಿತ್ತು. ಯು-43 ಎಂಬ ಜರ್ಮನ್ ಜಲಾಂತರ್ಗಾಮಿಯ ಕಪ್ತಾನನ ಕಣ್ಣಿಗೆ ಬಿದ್ದದ್ದು ಬ್ರಿಟಿಷ್ ಮಾದರಿಯ ಒಂಟಿ ಹಡಗು. ಟಾರ್ಪೆಡೊ ಹೊಡೆದ. ಹಡಗಿನಲ್ಲಿ 365 ಮಂದಿ ಜರ್ಮನ್ನರಿದ್ದರು. ಬದುಕುಳಿದದ್ದು ಒಬ್ಬ ನಾವಿಕ. ಸುಮಾರು ನಾಲ್ಕು ವಾರ ಪುಟ್ಟ ದೋಣಿಯಲ್ಲಿ ತೇಲಿ, ಜೊತೆಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದುಕೊಂಡ ಅವನನ್ನು ಸ್ಪೇನಿನ ಒಂದು ಟ್ಯಾಂಕರ್ ಎತ್ತಿಕೊಂಡಿತು. ಇದಕ್ಕಿಂತ ಘೋರವಾದ ಕತೆಯನ್ನು ಯಾವ ಚಿತ್ರಕಥೆಗಾರ ಬರೆದಾನು?

ಈಗ ಸಿಡಿಮದ್ದಿನ ಪ್ರಶ್ನೆ. ತಮ್ಮ ಹಡಗನ್ನು ತಾವೇ ಮುಳುಗಿಸುವುದು ಹುಚ್ಚುತನವಲ್ಲ, ಆ ಕಪ್ತಾನರಿಗೆ ಇದ್ದ ಲಿಖಿತ ಆದೇಶ. ಶತ್ರುವಿನ ಯುದ್ಧನೌಕೆ ಎದುರಾದರೆ ಸರಕು ಹಡಗು ಹೋರಾಡಿ ಗೆಲ್ಲುವ ಮಾತಿಲ್ಲ, ಓಡಿ ತಪ್ಪಿಸಿಕೊಳ್ಳುವ ಮಾತೂ ಇಲ್ಲ. ಉಳಿಯುವುದು ಎರಡೇ: ರಬ್ಬರನ್ನು ಶತ್ರುವಿಗೆ ಒಪ್ಪಿಸುವುದು, ಇಲ್ಲವೇ ಸಮುದ್ರಕ್ಕೆ ಒಪ್ಪಿಸುವುದು. ಅದಕ್ಕಾಗಿ ಹೊರಡುವ ಮೊದಲೇ ನೀರಿನ ಮಟ್ಟಕ್ಕಿಂತ ಕೆಳಗೆ, ಹಡಗಿನ ತಳದ ಉಕ್ಕಿನ ಹಲಗೆಗೆ ತಾಗಿದಂತೆ ಸಿಡಿಮದ್ದು ಕಟ್ಟಿರುತ್ತಿದ್ದರು. ಕೆಲವೇ ನಿಮಿಷದ ಬತ್ತಿ. ಕಪ್ತಾನ ಆಜ್ಞೆ ಕೊಟ್ಟ, ಇಂಜಿನಿಯರ್ ಬತ್ತಿ ಹೊತ್ತಿಸಿದ, ಎಲ್ಲರೂ ಲೈಫ್‌ಬೋಟ್ ಇಳಿಸಿ ದೂರ ಹೋದರು. ಅಷ್ಟೇ.

ಸಿನಿಮಾದ ನಾಯಕ ರಾಬರ್ಟ್ ಕ್ರೇನ್ ಈ ಮದ್ದುಗಳನ್ನು ಒಂದೊಂದಾಗಿ ಹುಡುಕಿ ಕೆಡಿಸುತ್ತ ಹೋಗುತ್ತಾನೆ. ಆ ದೃಶ್ಯಗಳಲ್ಲಿ ಉಸಿರು ಬಿಗಿಹಿಡಿದು ಕೂರುವಂತೆ ಆಗುತ್ತದೆ, ನಿಜ. ಆದರೆ ಇಂಜಿನ್ ರೂಮಿನವನ ಕಣ್ಣಿನಿಂದ ನೋಡಿದರೆ ಅಲ್ಲಿ ದೊಡ್ಡದೊಂದು ಸಂಗತಿ ಬಿಟ್ಟುಹೋಗಿದೆ. ಹಡಗನ್ನು ಮುಳುಗಿಸಲು ಸಿಡಿಮದ್ದೇ ಬೇಕಿಲ್ಲ. ಒಂದು ಸ್ಪ್ಯಾನರ್ ಸಾಕು.

ಯಾವ ಹಡಗಿನ ಇಂಜಿನ್ ರೂಮಿಗೂ ಹೊರಗಿನಿಂದ ಸಮುದ್ರದ ನೀರು ಬರುತ್ತಲೇ ಇರಬೇಕು. ಇಂಜಿನ್ನನ್ನು, ಕಂಡೆನ್ಸರನ್ನು ತಂಪು ಮಾಡುವುದು ಆ ನೀರೇ. ಹಡಗಿನ ತಳದಲ್ಲಿ, ನೀರಿನೊಳಗೆ, ಅದಕ್ಕೆಂದೇ ಬಾಯಿ ಬಿಟ್ಟಿರುತ್ತಾರೆ. ಅದಕ್ಕೆ ಸೀ ಚೆಸ್ಟ್ ಎನ್ನುತ್ತಾರೆ. ಅಲ್ಲಿಂದ ಒಂದು ದೊಡ್ಡ ವಾಲ್ವ್, ವಾಲ್ವಿನ ಆಚೆ ಕಸ ತಡೆಯುವ ಸ್ಟ್ರೈನರ್, ಅದರ ಮೇಲೆ ಬೋಲ್ಟ್ ಹಾಕಿದ ಭಾರಿ ಮುಚ್ಚಳ. ಸ್ಟ್ರೈನರ್ ತೊಳೆಯಬೇಕಾದಾಗ ನಾವು ಮೊದಲು ವಾಲ್ವ್ ಮುಚ್ಚಿ, ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಬೋಲ್ಟಿಗೆ ಕೈ ಹಾಕುತ್ತೇವೆ. ಮೊದಲ ಬೋಲ್ಟ್ ಸಡಿಲಿಸಿದಾಗ ಒಂದೆರಡು ಹನಿ ಜಿನುಗಿದರೂ ಎದೆ ಝಲ್ಲೆನ್ನುತ್ತದೆ. ಹೊರಗೆ ಇಡೀ ಸಮುದ್ರ ಒತ್ತುತ್ತಿರುತ್ತದಲ್ಲ! ಈಗ ವಾಲ್ವ್ ತೆರೆದೇ ಇಟ್ಟು ಆ ಮುಚ್ಚಳ ಬಿಚ್ಚಿದರೆ ಏನಾಗಬಹುದು, ಯೋಚಿಸಿ. ನೀರಿನ ಕಂಬವೇ ಎದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಾಲಡಿಯ ಕಬ್ಬಿಣದ ಹಲಗೆಗಳು ಮುಳುಗಿ, ವಾಲ್ವಿನ ಚಕ್ರವೇ ಎಣ್ಣೆ ಬೆರೆತ ಕಪ್ಪು ನೀರಿನ ಅಡಿಗೆ ಹೋಗುತ್ತದೆ. ಡೈನಮೊಗೆ ನೀರು ತಾಗಿದರೆ ದೀಪ ಆರುತ್ತದೆ, ಪಂಪು ನಿಲ್ಲುತ್ತದೆ. ಆಮೇಲೆ ಆ ಹಡಗನ್ನು ಉಳಿಸಬೇಕೆಂದರೆ ಕತ್ತಲಲ್ಲಿ ಮುಳುಗು ಹಾಕಿ, ಕೈಯಿಂದ ತಡವಿ ಆ ಚಕ್ರವನ್ನು ಹುಡುಕಬೇಕು.

ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ: ಒಬ್ಬ ಗೂಢಚಾರ ಸಿಡಿಮದ್ದನ್ನು ಕೆಡಿಸಬಲ್ಲ, ಹಡಗನ್ನು ಉಳಿಸಲಾರ. ಹಡಗಿನ ಪ್ರತಿಯೊಬ್ಬ ಇಂಜಿನಿಯರನ ಕೈಯಲ್ಲೂ ಅದನ್ನು ಮುಳುಗಿಸುವ ಉಪಾಯ ಇರುತ್ತದೆ. ಉಳಿಸಬೇಕೆಂದರೆ ಹೊರಗಿನಿಂದ ಜನ ಬರಬೇಕು, ಬೇಗ ಬರಬೇಕು, ಬಂದವರು ಕೆಳಗೆ ಇಳಿಯುವ ಎದೆಗಾರಿಕೆ ಉಳ್ಳವರಾಗಿರಬೇಕು. ಮುಳುಗುತ್ತಿರುವ, ಒಳಗೆ ಮದ್ದು ಸಿಡಿಯುತ್ತಿರುವ ಹಡಗಿನ ಏಣಿ ಇಳಿಯುವುದು ಎಂಥ ಮಾತು ಎಂಬುದು ಅಲ್ಲಿ ನಿಂತು ನೋಡಿದವರಿಗೇ ಗೊತ್ತು.

ಸಿನಿಮಾದ ಬ್ರಿಟಿಷರು ಬಯಸಿದ್ದು ಒಮ್ಮೆ ನಿಜಕ್ಕೂ ನಡೆದದ್ದು ಹೀಗೆಯೇ. 1941ರ ನವೆಂಬರ್ 6. ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಅಟ್ಲಾಂಟಿಕ್‌ನಲ್ಲಿ ಸಮಭಾಜಕ ವೃತ್ತದ ಹತ್ತಿರ ಗಸ್ತು ತಿರುಗುತ್ತಿದ್ದ ಅಮೆರಿಕದ ‘ಒಮಾಹಾ’ ಮತ್ತು ‘ಸೋಮರ್ಸ್’ ನೌಕೆಗಳಿಗೆ ಅಮೆರಿಕದ್ದೇ ಬಾವುಟ ಹಾರಿಸುತ್ತಿದ್ದ ಸರಕು ಹಡಗೊಂದು ಕಂಡಿತು. ಹಿಂಭಾಗದಲ್ಲಿ ‘ವಿಲ್‌ಮೋಟೊ, ಫಿಲಡೆಲ್ಫಿಯಾ’ ಎಂದು ಬರೆದಿತ್ತು. ಸಂಕೇತಗಳಿಗೆ ಅದು ಕೊಟ್ಟ ಉತ್ತರ ಸರಿಬರಲಿಲ್ಲ. ‘ಒಮಾಹಾ’ದ ಕಪ್ತಾನ ಥಿಯೊಡೋರ್ ಚಾಂಡ್ಲರ್ ದೋಣಿ ಇಳಿಸಿ ಜನ ಕಳುಹಿಸಿದ. ದೋಣಿ ಹತ್ತಿರ ಬರುತ್ತಿದ್ದಂತೆ ಹಡಗಿನವರು ಲೈಫ್‌ಬೋಟಿಗೆ ಇಳಿಯತೊಡಗಿದರು, ಹಡಗು ಮುಳುಗುತ್ತಿದೆ ಎಂಬ ಸಂಕೇತ ಏರಿಸಿದರು. ಒಳಗಿನಿಂದ ಸ್ಫೋಟದ ಸದ್ದು ಕೇಳುತ್ತಿತ್ತು. ಇದು ಜರ್ಮನ್ ಹಡಗು, ಮುಳುಗುತ್ತಿದೆ ಎಂದು ಬೋಟಿನಲ್ಲಿದ್ದವನೊಬ್ಬ ಕೂಗಿ ಹೇಳಿದ. ಅಮೆರಿಕನ್ನರು ಆದರೂ ಹತ್ತಿದರು, ಕೆಳಗೆ ಇಳಿದರು, ನೀರು ನುಗ್ಗುವ ಬಾಯಿಗಳನ್ನು ಮುಚ್ಚಿದರು. ಡೀಸೆಲ್ ಇಂಜಿನ್ ಚೆನ್ನಾಗಿ ಬಲ್ಲ ಒಬ್ಬನನ್ನು ‘ಸೋಮರ್ಸ್’ನಿಂದ ಕರೆಸಿಕೊಂಡರು. ಹಡಗು ಉಳಿಯಿತು. ಅದರ ನಿಜ ಹೆಸರು ‘ಓಡೆನ್‌ವಾಲ್ಡ್’. ಯೊಕೊಹಾಮಾದಿಂದ ಬೋರ್ಡೋಗೆ ಹೊರಟಿದ್ದ ಅದರ ಹೊಟ್ಟೆಯಲ್ಲಿ 3,800 ಟನ್‌ಗೂ ಹೆಚ್ಚು ರಬ್ಬರ್ ಇತ್ತು. ಆಮೇಲೆ ಅದನ್ನು ಪೋರ್ಟೊ ರಿಕೊದ ಸ್ಯಾನ್ ವಾನ್ ಬಂದರಿಗೆ ತಂದು ನಿಲ್ಲಿಸಿದರು.

ಇದರ ಬಾಲಂಗೋಚಿಯೂ ಸ್ವಾರಸ್ಯವಾಗಿದೆ. ಯುದ್ಧ ಘೋಷಣೆಯಾಗದ ಕಾರಣ ಹಡಗನ್ನು ಯುದ್ಧದ ಲೂಟಿ ಎಂದು ಲೆಕ್ಕ ಹಾಕುವಂತಿರಲಿಲ್ಲ. ಹಡಗಿನವರೇ ಬಿಟ್ಟುಹೋದದ್ದನ್ನು ಮುಳುಗದಂತೆ ಕಾಪಾಡಿದವರು ಎಂಬ ನೆಲೆಯಲ್ಲಿ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1947ರಲ್ಲಿ ತೀರ್ಪು ಬಂದು, ಮೊದಲು ಹತ್ತಿದ ತಂಡಕ್ಕೂ ಹಡಗು ನಡೆಸಿ ತಂದವರಿಗೂ ತಲಾ 3,000 ಡಾಲರ್ ಸಿಕ್ಕಿತು. ಗುಂಡು ಹಾರಿಸಿದ್ದಕ್ಕಲ್ಲ, ಕೆಳಗೆ ಇಳಿದು ನೀರು ತಡೆದದ್ದಕ್ಕೆ. ಆ ತೀರ್ಪು ನನಗೆ ಬಹಳ ಇಷ್ಟ.

ಪ್ರತಿ ಸಲವೂ ಹೀಗೆ ಆಗಲಿಲ್ಲ. 1943ರ ಮಾರ್ಚ್ ತಿಂಗಳಿಗೇ ಮರಳಿ ಬರೋಣ, ಏಕೆಂದರೆ ನಿಮ್ಮಜ್ಜನ ಕತೆ ಬರುವುದೂ ಅಲ್ಲಿಯೇ. ‘ಡಾಗರ್‌ಬ್ಯಾಂಕ್’ ಮುಳುಗಿ ಒಂದು ವಾರ ಕಳೆದಿತ್ತು. ಮಾರ್ಚ್ 10ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ‘ಕರೀನ್’ ಎಂಬ ಇನ್ನೊಂದು ಹಡಗು ಅಮೆರಿಕದ ‘ಸವಾನಾ’ ಮತ್ತು ‘ಎಬರ್ಲಿ’ ನೌಕೆಗಳ ಕೈಗೆ ಸಿಕ್ಕಿತು. ಜರ್ಮನ್ನರು ಬತ್ತಿ ಹೊತ್ತಿಸಿ ಬೋಟಿಗೆ ಇಳಿದಿದ್ದರು. ‘ಎಬರ್ಲಿ’ಯ ತಂಡ ‘ಓಡೆನ್‌ವಾಲ್ಡ್’ನವರ ಹಾಗೆಯೇ ಧೈರ್ಯ ಮಾಡಿ ಹೋಯಿತು. ಮದ್ದು ಸಿಡಿಯಿತು. ಆ ತಂಡದ ಹಲವರು ಅಲ್ಲೇ ಸತ್ತರು, ಹಡಗೂ ಹೋಯಿತು. ಎರಡೂ ಕಡೆ ಇದ್ದ ಧೈರ್ಯ ಒಂದೇ. ವ್ಯತ್ಯಾಸ ಬತ್ತಿಯಲ್ಲಿ ಉಳಿದಿದ್ದ ನಿಮಿಷಗಳದ್ದು.

ಅದರ ಹಿಂದುಮುಂದಿನ ರಾತ್ರಿಯೇ ಮುರ್ಗಾಂವ್ ಬಂದರಿನಲ್ಲಿ ನಿಮ್ಮಜ್ಜ ಹೇಳುತ್ತಿದ್ದ ಘಟನೆ ನಡೆದದ್ದು. ಗೋವಾ ಆಗ ಪೋರ್ಚುಗೀಸರದ್ದು, ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ. 1939ರಲ್ಲಿ ಯುದ್ಧ ಶುರುವಾದಾಗ ಬ್ರೆಮೆನ್ ನಗರದ ಹಾನ್ಸಾ ಕಂಪನಿಯ ‘ಎರೆನ್‌ಫೆಲ್ಸ್’, ‘ಬ್ರೌನ್‌ಫೆಲ್ಸ್’, ‘ಡ್ರಾಕೆನ್‌ಫೆಲ್ಸ್’ ಎಂಬ ಮೂರು ಜರ್ಮನ್ ಸರಕು ಹಡಗುಗಳು ಬ್ರಿಟಿಷರಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಬಂದು ಲಂಗರು ಹಾಕಿದವು. ಆಮೇಲೆ ‘ಆನ್ಫೊರಾ’ ಎಂಬ ಇಟಲಿಯ ಹಡಗೂ ಸೇರಿಕೊಂಡಿತು. ಕ್ಯಾಸಲ್‌ರಾಕ್, ಲೋಂಡಾ ದಾರಿಯಾಗಿ ಬರುವ ರೈಲು ಕೊನೆಗೊಳ್ಳುತ್ತಿದ್ದ ಬಂದರು ಅದು. ಗಡಿಯ ಈಚೆಯ ನಮ್ಮ ಜನರಿಗೆ ಅಲ್ಲಿನ ಸುದ್ದಿ ಬಾಯಿಂದ ಬಾಯಿಗೆ ಬಂದು ಮುಟ್ಟುತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮೂರೂವರೆ ವರ್ಷ ಆ ಹಡಗುಗಳು ಅಲ್ಲೇ ತುಕ್ಕು ಹಿಡಿಯುತ್ತ ನಿಂತಿದ್ದವು.

‘ಎರೆನ್‌ಫೆಲ್ಸ್’ನಲ್ಲಿ ಗುಪ್ತ ವೈರ್‌ಲೆಸ್ ಇದೆ, ಬ್ರಿಟಿಷ್ ಹಡಗುಗಳ ಓಡಾಟದ ಸುದ್ದಿ ಅಲ್ಲಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆ ಎಂಬ ಗುಮಾನಿ ಬ್ರಿಟಿಷರ ಗುಪ್ತ ಕಾರ್ಯಾಚರಣೆ ವಿಭಾಗಕ್ಕೆ ಇತ್ತು. ತಟಸ್ಥ ಬಂದರಿಗೆ ಸೈನ್ಯ ನುಗ್ಗಿಸುವಂತಿಲ್ಲ. ಆಗ ಲೂಯಿಸ್ ಪ್ಯೂ ಎಂಬ ಅಧಿಕಾರಿ ಆರಿಸಿಕೊಂಡದ್ದು ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ಎಂಬ ಹವ್ಯಾಸಿ ಪಡೆಗಳ 18 ಮಂದಿಯನ್ನು. ಕಲ್ಕತ್ತಾದ ಕಂಪನಿಗಳಲ್ಲಿ ಕೆಲಸಕ್ಕಿದ್ದ, ಹೆಚ್ಚಿನವರು ನಡುವಯಸ್ಸು ದಾಟಿದ್ದ ಇಂಗ್ಲಿಷರು ಅವರು. ಹೂಗ್ಲಿ ನದಿಯಲ್ಲಿ ಹೂಳು ಸಾಗಿಸುತ್ತಿದ್ದ ‘ಫೀಬಿ’ ಎಂಬ ಬಾರ್ಜು ಕಲ್ಕತ್ತಾದಿಂದ ಇಡೀ ದಕ್ಷಿಣ ಭಾರತವನ್ನು ಸುತ್ತುಹಾಕಿ ಕೊಚ್ಚಿಗೆ ಬಂತು. ಬಹುತೇಕರು ರೈಲಿನಲ್ಲಿ ಕೊಚ್ಚಿಗೆ ಬಂದು ಅದನ್ನು ಹತ್ತಿದರು. ಅಲ್ಲಿಂದ ನಮ್ಮ ಮಲಬಾರ್, ಕೆನರಾ ಕರಾವಳಿಯ ಉದ್ದಕ್ಕೂ ಸಾಗಿ, ರಾತ್ರಿ ಮುರ್ಗಾಂವ್ ಹೊಕ್ಕು ‘ಎರೆನ್‌ಫೆಲ್ಸ್’ನ ಮಗ್ಗುಲಿಗೆ ಬಂತು.

ಜರ್ಮನ್ನರು ಸಿದ್ಧರಾಗಿದ್ದರು. ಬ್ರಿಟಿಷರು ಹತ್ತುತ್ತಿದ್ದಂತೆ ಒಬ್ಬರು ಬೆಂಕಿ ಹೊತ್ತಿಸಿದರು, ಇನ್ನೊಬ್ಬರು ಕೆಳಗೆ ಸಮುದ್ರದ ವಾಲ್ವ್‌ಗಳನ್ನು ತೆರೆದರು. ಕಪ್ತಾನ ಮತ್ತು ನಾಲ್ವರು ಜರ್ಮನ್ನರು ಆ ಕೈಕೈ ಜಗಳದಲ್ಲಿ ಸತ್ತರು. ದಾಳಿಗೆ ಬಂದವರಲ್ಲಿ ಯಾರೂ ಸಾಯಲಿಲ್ಲ. ‘ಎರೆನ್‌ಫೆಲ್ಸ್’ ಮುಳುಗತೊಡಗಿತು, ಬ್ರಿಟಿಷರು ಹಾರಿ ಇಳಿದು ಹೊರಟುಹೋದರು. ಅಚ್ಚರಿಯೆಂದರೆ ಉಳಿದ ಮೂರು ಹಡಗುಗಳನ್ನು ಯಾರೂ ಮುಟ್ಟಿರಲಿಲ್ಲ. ಉರಿಯುವ ‘ಎರೆನ್‌ಫೆಲ್ಸ್’ ಕಂಡು, ಇನ್ನು ನಮ್ಮ ಸರದಿ ಎಂದುಕೊಂಡ ಅವುಗಳ ಸಿಬ್ಬಂದಿ ತಮ್ಮ ಹಡಗುಗಳಿಗೆ ತಾವೇ ಬೆಂಕಿಯಿಟ್ಟು ಮುಳುಗಿಸಿದರು. ‘ಇಂಗೊ’ದ ಕಪ್ತಾನನಿಗೆ ಇದ್ದ ಆದೇಶವೇ ಇವರಿಗೂ ಇತ್ತು, ಅದನ್ನು ಅಕ್ಷರಶಃ ಪಾಲಿಸಿದರು. ನಿಮ್ಮಜ್ಜ ಹೇಳಿದ್ದು ಈ ನಾಲ್ಕು ಹಡಗುಗಳ ಬೆಂಕಿಯನ್ನೇ. ಪೋರ್ಚುಗಲ್ಲಿನ ತಟಸ್ಥತೆ ಮುರಿದದ್ದನ್ನು ಒಪ್ಪಿಕೊಳ್ಳಲಾಗದ ಬ್ರಿಟಿಷ್ ಸರ್ಕಾರ ಬಾಯಿ ಬಿಡಲಿಲ್ಲ, ಆ 18 ಮಂದಿಗೆ ಪದಕವೂ ಸಿಗಲಿಲ್ಲ. 1978ರಲ್ಲಿ ಜೇಮ್ಸ್ ಲೀಸರ್ ಅವರ ಪುಸ್ತಕ ಬಂದಾಗಲೇ ಹೊರಗಿನವರಿಗೆ ಪೂರ್ತಿ ಗೊತ್ತಾದದ್ದು.

ಗುಪ್ತ ವೈರ್‌ಲೆಸ್ಸಿನಿಂದಾಗಿ ಅರಬ್ಬೀ ಸಮುದ್ರದಲ್ಲಿ ಹಡಗುಗಳು ಸಾಲುಸಾಲಾಗಿ ಮುಳುಗಿದವು, ಈ ದಾಳಿಯಿಂದ ಅದು ನಿಂತಿತು ಎಂಬ ಮಾತನ್ನು ನಾನು ನಂಬುವುದಿಲ್ಲ. 1943ರ ಮಾರ್ಚ್‌ನಲ್ಲಿ ಈ ಕಡೆಯ ಜರ್ಮನ್ ಜಲಾಂತರ್ಗಾಮಿಗಳು ಇದ್ದದ್ದು ದಕ್ಷಿಣ ಆಫ್ರಿಕಾದ ಸುತ್ತಮುತ್ತ. ಅರಬ್ಬೀ ಸಮುದ್ರಕ್ಕೆಂದೇ ಕಳುಹಿಸಿದ ‘ಮಾನ್ಸೂನ್’ ತಂಡ ಯುರೋಪ್ ಬಿಟ್ಟದ್ದೇ ಆ ವರ್ಷದ ಜೂನ್-ಜುಲೈನಲ್ಲಿ. ಅದಕ್ಕೂ ಮೊದಲು ಇಲ್ಲಿ ಓಡಾಡಿಕೊಂಡಿದ್ದವು ಜಪಾನಿನ ಜಲಾಂತರ್ಗಾಮಿಗಳು. ದಾಳಿ ಮಾಡಿದವರ ಸಾಹಸ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಲೆಕ್ಕ ಲೆಕ್ಕವೇ.

ಹಾಗಾದರೆ ಈ ಸಮುದ್ರಯುದ್ಧದ ನಿಜವಾದ ಗೂಢಚರ್ಯೆ ಎಲ್ಲಿ ನಡೆಯಿತು? ಬಹುಪಾಲು ಹಡಗಿನಿಂದ ಸಾವಿರಾರು ಮೈಲಿ ದೂರದಲ್ಲಿ, ಮೇಜಿನ ಮುಂದೆ. ಜರ್ಮನ್ ನೌಕಾಪಡೆ ಎನಿಗ್ಮಾ ಎಂಬ ಯಂತ್ರದಿಂದ ಬರೆಯುತ್ತಿದ್ದ ಗುಪ್ತ ಸಂಕೇತಗಳನ್ನು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಬಿಡಿಸುತ್ತಿದ್ದರು. ಬರ್ಲಿನ್ನಿನಲ್ಲಿದ್ದ ಜಪಾನ್ ರಾಯಭಾರಿ ಓಶಿಮಾ ಟೋಕಿಯೊಗೆ ಕಳುಹಿಸುತ್ತಿದ್ದ ತಂತಿಗಳನ್ನು ಅಮೆರಿಕನ್ನರು ಓದುತ್ತಿದ್ದರು. 1943ರ ಕೊನೆಯ ಹೊತ್ತಿಗೆ ಯಾವ ಹಡಗು ಯಾವಾಗ ಹೊರಟಿದೆ, ಎಲ್ಲಿಗೆ ಬಂದಿರಬೇಕು ಎಂಬುದು ಎದುರಾಳಿಗಳಿಗೆ ಗೊತ್ತಿರುತ್ತಿತ್ತು. ಫಲಿತಾಂಶ ನೋಡಿ: 1944ರ ಜನವರಿ 3, 4, 5, ಸತತ ಮೂರು ದಿನ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ‘ವೇಸರ್‌ಲಾಂಡ್’, ‘ರಿಯೊ ಗ್ರಾಂಡೆ’, ‘ಬುರ್ಗೆನ್‌ಲಾಂಡ್’ ಮೂರೂ ತಳ ಸೇರಿದವು. ‘ರಿಯೊ ಗ್ರಾಂಡೆ’ಯನ್ನು ಎದುರಿಸಿದ ನೌಕೆಗಳಲ್ಲಿ ಮತ್ತದೇ ‘ಒಮಾಹಾ’ ಇತ್ತು. ಅದರೊಂದಿಗೆ ಮೇಲ್ಮೈ ಹಡಗುಗಳ ಈ ಸಾಗಾಟ ನಿಂತೇ ಹೋಯಿತು. ಅಲ್ಪಸ್ವಲ್ಪ ಸರಕನ್ನು ಜಲಾಂತರ್ಗಾಮಿಗಳಲ್ಲಿ ತರುವುದು ಮಾತ್ರ ಉಳಿಯಿತು. ಸುಭಾಷ್‌ಚಂದ್ರ ಬೋಸರು 1943ರ ಏಪ್ರಿಲ್‌ನಲ್ಲಿ ಮಡಗಾಸ್ಕರ್ ಹತ್ತಿರ ಜರ್ಮನಿಯ ಯು-180ರಿಂದ ಜಪಾನಿನ ಐ-29ಕ್ಕೆ ಕಡಲ ನಡುವೆ ದಾಟಿಕೊಂಡದ್ದು ಇಂಥದೇ ಒಂದು ಭೇಟಿಯಲ್ಲಿ.

ರಬ್ಬರಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು: ಅದು ನೀರಿನಲ್ಲಿ ತೇಲುತ್ತದೆ. ಸರಕು ತುಂಬುವ ಹೋಲ್ಡಿನ ತುಂಬ ರಬ್ಬರ್ ಬೇಲುಗಳಿದ್ದರೆ ನೀರಿಗೆ ಜಾಗವೇ ಕಡಿಮೆ, ಹಡಗು ಸುಲಭಕ್ಕೆ ಮುಳುಗುವುದಿಲ್ಲ. ಅದಕ್ಕೇ ಸಿಡಿಮದ್ದನ್ನು ಒಂದೇ ಕಡೆಯಲ್ಲದೆ ಹಲವೆಡೆ ಇಡಬೇಕಾಗುತ್ತಿತ್ತು. ಸಿನಿಮಾದಲ್ಲಿ ಕ್ರೇನ್ ಅಷ್ಟೊಂದು ಕಡೆ ಹುಡುಕಾಡುವುದು ಈ ದೃಷ್ಟಿಯಿಂದ ಸರಿಯಾಗಿದೆ. ಮುಳುಗಿದ ಮೇಲೂ ಬೇಲುಗಳು ಮೇಲೆದ್ದು ಬರುತ್ತಿದ್ದವು, ಅಮೆರಿಕದ ನೌಕೆಗಳು ನೂರಾರು ಬೇಲುಗಳನ್ನು ಸಮುದ್ರದಿಂದ ಎತ್ತಿಕೊಂಡವು. ‘ರಿಯೊ ಗ್ರಾಂಡೆ’ಯ ಅವಶೇಷ 1996ರಲ್ಲಿ 5,762 ಮೀಟರ್ ಆಳದಲ್ಲಿ ಪತ್ತೆಯಾಯಿತು. 2018ರಲ್ಲಿ ಬ್ರೆಜಿಲ್‌ನ ಈಶಾನ್ಯ ಕರಾವಳಿಯ ಮರಳಿನ ಮೇಲೆ ಯಾರದೆಂದು ತಿಳಿಯದ ಚೌಕಾಕಾರದ ಗಟ್ಟಿ ಮೂಟೆಗಳು ಬಂದು ಬೀಳತೊಡಗಿದವು. ಒಂದರ ಮೇಲೆ ‘ಫ್ರೆಂಚ್ ಇಂಡೋಚೈನಾದ ಉತ್ಪನ್ನ’ ಎಂಬ ಅಕ್ಷರ ಉಳಿದಿತ್ತು. ಅವು ‘ರಿಯೊ ಗ್ರಾಂಡೆ’ಯ ರಬ್ಬರ್ ಎಂದು ಸಿಯಾರಾ ಪ್ರಾಂತ್ಯದ ಸಂಶೋಧಕರು ಗುರುತಿಸಿದರು. ಮುಕ್ಕಾಲು ಶತಮಾನದ ನಂತರ!

ಸರಕು ಹಡಗಿನ ಮೇಲೆಯೇ ನಡೆದ ಒಂದು ಗೂಢಚರ್ಯೆಯ ಕತೆ ಬೇಕೆಂದರೆ ‘ಆಟೊಮೆಡಾನ್’ನದ್ದನ್ನು ಹೇಳುತ್ತೇನೆ. ‘ಎರೆನ್‌ಫೆಲ್ಸ್’ನ ಮಾದರಿಯದ್ದೇ ಆದ ‘ಗೋಲ್ಡನ್‌ಫೆಲ್ಸ್’ ಎಂಬ ಸರಕು ಹಡಗಿಗೆ ಮರೆಯಲ್ಲಿ ತೋಪು ಕೂರಿಸಿ, ‘ಅಟ್ಲಾಂಟಿಸ್’ ಎಂದು ಹೆಸರಿಟ್ಟು ಜರ್ಮನ್ನರು ಬೇಟೆಗೆ ಬಿಟ್ಟಿದ್ದರು. 1940ರ ನವೆಂಬರ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ ಅದು ಬ್ರಿಟಿಷ್ ಹಡಗು ‘ಆಟೊಮೆಡಾನ್’ ಮೇಲೆ ಗುಂಡು ಹಾರಿಸಿತು. ಹಡಗಿನಲ್ಲಿ ಸಿಂಗಾಪುರದ ಸೇನಾಧಿಪತಿಗೆ ಹೋಗುತ್ತಿದ್ದ ಹಸಿರು ಚೀಲವೊಂದಿತ್ತು. ಅಪಾಯ ಬಂದರೆ ಸಮುದ್ರಕ್ಕೆ ಎಸೆಯಬೇಕು, ಎಸೆದರೆ ಮುಳುಗಬೇಕು ಎಂದು ಅದಕ್ಕೆ ತೂತು ಇಟ್ಟು ಹೊಲಿದಿದ್ದರು. ಎಸೆಯಬೇಕಾದ ಅಧಿಕಾರಿಗಳು ಮೊದಲ ಗುಂಡುಗಳಿಗೇ ಬಲಿಯಾದರು. ಜರ್ಮನ್ನರ ಕೈಗೆ ಸಿಕ್ಕ ಆ ಚೀಲದೊಳಗೆ, ಪೂರ್ವದಲ್ಲಿ ಬ್ರಿಟನ್ ಎಷ್ಟು ದುರ್ಬಲವಾಗಿದೆ ಎಂದು ಅದರ ಸೇನಾ ಮುಖ್ಯಸ್ಥರೇ ಬರೆದ ವರದಿ ಇತ್ತು. ಅದು ಟೋಕಿಯೊ ತಲುಪಿತು. ‘ಅಟ್ಲಾಂಟಿಸ್’ನ ಕಪ್ತಾನ ರೊಗೆಗೆ ಜಪಾನ್ ಮುಂದೆ ಸಮುರಾಯ್ ಖಡ್ಗ ಕೊಟ್ಟು ಗೌರವಿಸಿತು. ಇಲ್ಲಿ ವೇಷ ಹಾಕಿದ್ದು ಹಡಗು ಮಾತ್ರ, ಗೂಢಚಾರ ಯಾರೂ ಇರಲಿಲ್ಲ. ಒಂದು ಚೀಲವನ್ನು ಕಿಟಕಿಯಾಚೆ ಎಸೆಯಲು ಒಬ್ಬ ಮನುಷ್ಯ ಉಳಿಯಲಿಲ್ಲ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ‘ಮೊರಿಟುರಿ’ ನನಗೆ ಪ್ರಿಯವಾದ ಸಿನಿಮಾ. ನಿರ್ದೇಶಕ ಬರ್ನ್‌ಹಾರ್ಡ್ ವಿಕಿ ಹದಿಹರೆಯದಲ್ಲೇ ನಾಜಿಗಳ ಸಾಕ್ಸೆನ್‌ಹೌಸೆನ್ ಸೆರೆಶಿಬಿರದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು. ಹಾಗಾಗಿಯೇ ಇರಬೇಕು, ಜರ್ಮನ್ ಹಡಗಿನಲ್ಲಿರುವ ಎಲ್ಲರೂ ಅವರಿಗೆ ಒಂದೇ ಅಚ್ಚಿನ ಖಳರಾಗಿ ಕಾಣುವುದಿಲ್ಲ. ಯೂಲ್ ಬ್ರಿನ್ನರ್ ನಟಿಸಿದ ಕಪ್ತಾನ ಮ್ಯುಲರ್‌ಗೆ ಹಿಟ್ಲರ್ ಬೇಡ, ತನ್ನ ಹಡಗು ಮಾತ್ರ ಬೇಕು. ಬ್ರಾಂಡೊನ ಕ್ರೇನ್‌ಗೆ ಯಾವ ಪಕ್ಷವೂ ಬೇಡ. ಯುದ್ಧವೇ ಬೇಡವೆಂದು ಸ್ವಿಸ್ ಪ್ರಜೆಯ ಸೋಗಿನಲ್ಲಿ ಭಾರತದಲ್ಲಿ ಅಡಗಿಕೊಂಡಿದ್ದವನು. ಟ್ರೆವರ್ ಹೊವಾರ್ಡ್ ನಟಿಸಿದ ಬ್ರಿಟಿಷ್ ಅಧಿಕಾರಿ ಅವನನ್ನು ಬೆದರಿಸಿಯೇ ಹಡಗು ಹತ್ತಿಸುತ್ತಾನೆ. ಒಳ್ಳೆಯ ಪಕ್ಷದವರು ಒಳ್ಳೆಯ ಕೆಲಸಕ್ಕೆ ಎಂಥ ಕೆಟ್ಟ ದಾರಿ ಹಿಡಿಯಬಲ್ಲರು ಎಂಬುದನ್ನು ಸಿನಿಮಾ ಮೊದಲ ಹತ್ತು ನಿಮಿಷದಲ್ಲೇ ಇಟ್ಟುಬಿಡುತ್ತದೆ. ಕಾನ್ರಾಡ್ ಹಾಲ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಏಣಿಗಳು, ಕಿರಿದಾದ ಓಣಿಗಳು, ಕೆಳಗೆ ಹೋದಂತೆ ಕತ್ತಲಾಗುವ ಇಂಜಿನ್ ರೂಮು, ಇವನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸಿದ ಸಿನಿಮಾಗಳು ವಿರಳ. ಕತೆಯ ನಡುಭಾಗ ಎಳೆದಂತೆ ಇದೆ, ಸೆರೆಯಾಳುಗಳ ಪ್ರಸಂಗ ಸ್ವಲ್ಪ ಅವಸರದಲ್ಲಿ ಮುಗಿದಿದೆ. ಕೊನೆಯ ಭಾಗದ ಬಗ್ಗೆ ಇಲ್ಲಿ ಬರೆಯುವುದಿಲ್ಲ, ನೋಡದ ಓದುಗರೂ ಇದ್ದಾರೆ.

ಮುರ್ಗಾಂವ್ ಘಟನೆಯನ್ನು ಆಧರಿಸಿ 1980ರಲ್ಲಿ ‘ದಿ ಸೀ ವೂಲ್ವ್ಸ್’ ಬಂತು. ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವನ್ ಇದ್ದಾರೆ, ಗೋವಾದಲ್ಲೇ ಚಿತ್ರೀಕರಣ ನಡೆದಿದೆ. ಅದನ್ನು ಲವಲವಿಕೆಯ ಸಾಹಸ ಚಿತ್ರವಾಗಿ ನೋಡಿ, ಇತಿಹಾಸವೆಂದು ತೆಗೆದುಕೊಳ್ಳಬೇಡಿ. ‘ಮೊರಿಟುರಿ’ಯನ್ನು ಇನ್ನೊಬ್ಬರಿಗೆ ಹುಡುಕಿಕೊಡುವುದಾದರೆ ‘ದಿ ಸ್ಯಾಬೊಟರ್: ಕೋಡ್ ನೇಮ್ ಮೊರಿಟುರಿ’ ಎಂಬ ಹೆಸರನ್ನೂ ಹೇಳಿ. ಮೊದಲ ಬಿಡುಗಡೆಯಲ್ಲಿ ಹಣ ಬಾರದೆ ಆಮೇಲೆ ಆ ಹೆಸರಿನಲ್ಲಿ ತೆರೆಗೆ ಬಿಟ್ಟರು, ಕೆಲವು ಕಡೆ ಇವತ್ತಿಗೂ ಆ ಹೆಸರಿನಲ್ಲೇ ಸಿಗುತ್ತದೆ.